ಕವಳಿಯ ಮುಂದಿನ ಆರು ಹಲ್ಲು

ಅಕ್ಕಲಕೋಟೆಯ ನಮ್ಮ ಅಜ್ಜಿ ಕವಳಿ ಹಾಕಿಕೊಳ್ಳುತ್ತಿದ್ದದ್ದು ಎರಡೇ ಹೊತ್ತು: ಗುರುವಾರ ಸ್ವಾಮಿ ಸಮರ್ಥರ ಮಠಕ್ಕೆ ಹೊರಟಾಗ, ಮತ್ತು ಯಾರದಾದರೂ ಲಗ್ನದಲ್ಲಿ ಫೋಟೋದವನು ಎದುರಿಗೆ ಬಂದು ನಿಂತಾಗ. ಉಳಿದ ಹೊತ್ತು ಅದು ಅಡುಗೆಮನೆಯ ಗೂಡಿನಲ್ಲಿ, ನೀರು ತುಂಬಿದ ಸ್ಟೀಲ್ ವಾಟಗದಲ್ಲಿ ಮುಳುಗಿ ಕೂತಿರುತ್ತಿತ್ತು. ಹಲ್ಲಿನ ಸೆಟ್ಟಿಗೆ ಮರಾಠಿಯವರು ಕವಳಿ ಅನ್ನುತ್ತಾರೆ. ನಮ್ಮ ಮನೆಯ ಕನ್ನಡಕ್ಕೂ ಆ ಮಾತು ಎಂದೋ ಬಂದು ಸೇರಿತ್ತು. ಊಟಕ್ಕೆ ಕೂತಾಗ ಯಾಕೆ ಹಾಕಿಕೊಳ್ಳುವುದಿಲ್ಲ ಎಂದು ಕೇಳಿದರೆ ಅಜ್ಜಿಯ ಉತ್ತರ ಒಂದೇ: ‘ಹಾಕ್ಕೊಂಡ್ರ ಮತ್ತೊಬ್ಬರ ಬಾಯಿ ಅನಸ್ತದ.’ ಕವಳಿ ಹಾಕಿಕೊಂಡು ಆಕೆ ಸೊಲ್ಲಾಪುರದ ದೇವರು ಸಿದ್ಧರಾಮನ ಹೆಸರು ಹೇಳಿದರೆ ಮೊದಲ ಅಕ್ಷರವೇ ಸೀಟಿ ಹೊಡೆದು ಹೊರಬೀಳುತ್ತಿತ್ತು.

ಅಜ್ಜಿಗೆ ವಯಸ್ಸಾಗಿದೆ, ರೂಢಿಯಾಗಿಲ್ಲ ಎಂದು ಮನೆಯವರೆಲ್ಲ ನಂಬಿದ್ದೆವು. ಆಕೆಯ ಮಾತೇ ದಂತವೈದ್ಯಶಾಸ್ತ್ರದ ಒಂದು ಹಳೆಯ, ಇನ್ನೂ ತೀರದ ಪ್ರಶ್ನೆ ಎಂಬುದು ಗೊತ್ತಾದದ್ದು ಬಹಳ ವರ್ಷಗಳ ನಂತರ. ಒಂದೂ ಹಲ್ಲಿಲ್ಲದ ಬಾಯಲ್ಲಿ ಮುಂದಿನ ಆರು ಹಲ್ಲು ಎಲ್ಲಿದ್ದವು ಎಂದು ಕಂಡುಹಿಡಿಯುವುದು ಹೇಗೆ? ಎರಡು ನಡುಹಲ್ಲು, ಅವುಗಳ ಪಕ್ಕದ ಎರಡು ಚಿಕ್ಕ ಹಲ್ಲು, ಆಚೀಚೆ ಎರಡು ಕೋರೆಹಲ್ಲು. ಒಂದೆರಡು ಮಿಲಿಮೀಟರ್ ಹಿಂದೆಮುಂದೆ ಆದರೆ ಮುಖ ಬೇರೆ, ಮಾತು ಬೇರೆ, ತುತ್ತು ಬೇರೆ.

ಹಲ್ಲು ಬಿದ್ದ ಬಾಯಿ ಬರೀ ಬಯಲಲ್ಲ. ಬಾವಿ ಮುಚ್ಚಿದ ಹೊಲದಲ್ಲೂ ಬಾವಿ ಇದ್ದ ಜಾಗ ಗೊತ್ತಿರುವ ಕಣ್ಣಿಗೆ ಕಾಣುವಂತೆ, ಅಲ್ಲೂ ಗುರುತುಗಳಿವೆ. ತೊಡಕೆಂದರೆ ಹೊಲವೇ ಕರಗುತ್ತಿರುತ್ತದೆ. ಹಲ್ಲನ್ನು ಹಿಡಿದಿಡಲೆಂದೇ ಬೆಳೆದ ಎಲುಬಿಗೆ ಹಲ್ಲು ಹೋದಮೇಲೆ ಕೆಲಸವಿಲ್ಲ. ಮೊದಲ ವರ್ಷ ಬೇಗಬೇಗ, ಆಮೇಲೆ ನಿಧಾನವಾಗಿ, ಬದುಕಿರುವಷ್ಟು ಕಾಲ ಅದು ಸವೆಯುತ್ತಲೇ ಹೋಗುತ್ತದೆ. ಕವಳಿ ಹಾಕುವವರನ್ನು 25 ವರ್ಷಗಳವರೆಗೆ ಹಿಂಬಾಲಿಸಿ ಟಾಲ್ಗ್ರೆನ್ ಎಂಬ ಸಂಶೋಧಕಿ 1972ರಲ್ಲಿ ಪ್ರಕಟಿಸಿದ ಅಳತೆಗಳ ಪ್ರಕಾರ, ಮುಂಭಾಗದಲ್ಲಿ ಕೆಳದವಡೆಯ ಸವೆತ ಮೇಲ್ದವಡೆಯ ಸುಮಾರು ನಾಲ್ಕು ಪಟ್ಟು. ಆದರೆ ನಮ್ಮ ಪ್ರಶ್ನೆಗೆ ಎಷ್ಟು ಸವೆಯಿತು ಎಂಬುದಕ್ಕಿಂತ ಯಾವ ದಿಕ್ಕಿಗೆ ಸವೆಯಿತು ಎಂಬುದು ಮುಖ್ಯ. ಮೇಲ್ದವಡೆಯ ಹೊರಗೋಡೆ ತೆಳ್ಳಗಿರುತ್ತದೆ. ಅದು ಹೊರಗಿನಿಂದ ಒಳಕ್ಕೆ, ಕೆಳಗಿನಿಂದ ಮೇಲಕ್ಕೆ ಕರಗುತ್ತದೆ. ಹಲ್ಲು ಹೋಗಿ ಹತ್ತು ವರ್ಷವಾದ ಬಾಯಲ್ಲಿ ಉಳಿದ ವಸಡಿನ ಏರಿ ಹಲ್ಲು ನಿಂತಿದ್ದ ಜಾಗದಲ್ಲಿ ಇರುವುದಿಲ್ಲ, ಅದಕ್ಕಿಂತ ಹಿಂದಕ್ಕೆ ಸರಿದಿರುತ್ತದೆ.

ಇಲ್ಲೇ ಅತಿ ಹೆಚ್ಚು ಕವಳಿಗಳು ಕೆಡುವುದು. ಲ್ಯಾಬಿನಲ್ಲಿ ಹಲ್ಲು ಜೋಡಿಸುವವನ ಮುಂದೆ ಇರುವುದು ಜಿಪ್ಸಮ್ಮಿನ ಅಚ್ಚು ಮಾತ್ರ. ಮುಖ ಇಲ್ಲ, ತುಟಿ ಇಲ್ಲ. ಅಚ್ಚಿನಲ್ಲಿ ಏರಿ ಕಾಣುತ್ತದೆ, ಏರಿಯ ನೆತ್ತಿಯ ಮೇಲೆ ಹಲ್ಲು ನಿಲ್ಲಿಸುತ್ತಾನೆ. ಗೋಡೆಯ ಮೇಲೆ ಇಟ್ಟಿಗೆ ಇಟ್ಟಷ್ಟು ಭದ್ರವಾಗಿ ಕಾಣುವ ಕೆಲಸ. ಬಾಯಿಗೆ ಹಾಕಿದರೆ ಮೇಲ್ದುಟಿಗೆ ಆಸರೆ ಸಿಗದೆ ಒಳಕ್ಕೆ ಬೀಳುತ್ತದೆ, ಮೂಗಿನ ಕೆಳಗಿನ ತಗ್ಗು ಚಪ್ಪಟೆಯಾಗುತ್ತದೆ, ತುಟಿಯ ಕೆಂಪಂಚು ಮಾಯವಾಗುತ್ತದೆ. ಹಲ್ಲು ಬಂದರೂ ಬೊಚ್ಚುಬಾಯಿಯ ಮುಖ ಹೋಗುವುದಿಲ್ಲ. ಅಜ್ಜಿಯ ಕವಳಿಯೂ ಇದೇ ಜಾತಿಯದು ಎಂದು ಆ ವಾಟಗದೊಳಗಿನ ವಸ್ತುವನ್ನು ನೆನೆದಾಗ ಈಗ ಅನ್ನಿಸುತ್ತದೆ.

ಏರಿಯನ್ನು ನಂಬುವಂತಿಲ್ಲವಾದರೆ ನಂಬುವುದು ಯಾವುದನ್ನು? ನಾಲಿಗೆಯ ತುದಿಯನ್ನು ಮೇಲಿನ ನಡುಹಲ್ಲುಗಳ ಹಿಂದೆ, ಅಂಗುಳ ಶುರುವಾಗುವ ಜಾಗಕ್ಕೆ ತಾಗಿಸಿ ನೋಡಿ. ನಟ್ಟನಡುವೆ ಒಂದು ಮೆತ್ತನೆಯ ಮೊಗ್ಗು ಸಿಗುತ್ತದೆ. ಬಿಸಿ ಚಹಾ ಕುಡಿದಾಗ ಮೊದಲು ಸುಡುವ ಜಾಗಗಳಲ್ಲಿ ಅದೂ ಒಂದು. ವೈದ್ಯರು ಇನ್ಸಿಸಿವ್ ಪ್ಯಾಪಿಲ್ಲಾ ಅನ್ನುವ ಈ ಮೊಗ್ಗಿನ ಕೆಳಗೆ ಎಲುಬಿನಲ್ಲೊಂದು ರಂಧ್ರವಿದೆ; ಮೂಗಿನ ಕಡೆಯಿಂದ ಬರುವ ನರ, ರಕ್ತನಾಳಗಳು ಅದರಿಂದ ಅಂಗುಳಕ್ಕೆ ಇಳಿಯುತ್ತವೆ. ಕವಳಿ ಅದನ್ನು ಒತ್ತಿದರೆ ಉರಿ, ಜೋಮು. ಅದಕ್ಕೇ ಆ ಜಾಗದಲ್ಲಿ ಕವಳಿಯ ಒಳಮೈಯನ್ನು ತುಸು ಕೆತ್ತಿ ಬಿಡುವು ಕೊಡುವುದು. ಹಲ್ಲು ಹೋದರೂ, ಎಲುಬು ಕರಗಿದರೂ ಮೊಗ್ಗು ಹೆಚ್ಚುಕಡಿಮೆ ತನ್ನ ಜಾಗ ಬಿಡುವುದಿಲ್ಲ. ಏರಿಯೇ ಹಿಂದೆ ಸರಿಯುತ್ತ ಬಂದು ಕೊನೆಗೆ ಮೊಗ್ಗು ಏರಿಯ ನೆತ್ತಿಯ ಮೇಲೆ ಕೂತಂತೆ ಕಾಣುತ್ತದೆ. ಹಾಗೆ ಕಂಡರೆ ಎಲುಬು ಬಹಳ ಹೋಗಿದೆ ಎಂದರ್ಥ.

ಈ ಮೊಗ್ಗಿನಿಂದ ನಡುಹಲ್ಲಿನ ಹೊರಮೈ ಎಷ್ಟು ದೂರ? ಪಠ್ಯಪುಸ್ತಕಗಳ ಉತ್ತರ, ಮೊಗ್ಗಿನ ನಡುವಿನಿಂದ 8ರಿಂದ 10 ಮಿ.ಮೀ. ಮುಂದೆ. ಎರಡು ಕೋರೆಹಲ್ಲುಗಳ ತುದಿಗಳನ್ನು ಕೂಡಿಸಿ ಗೆರೆ ಎಳೆದರೆ ಅದು ಮೊಗ್ಗಿನ ನಡುವೆಯೋ ಅದರ ಅಕ್ಕಪಕ್ಕವೋ ಹಾಯುತ್ತದೆ ಎಂಬುದು ಎರಡನೆಯ ಸೂತ್ರ. 1964ರಲ್ಲಿ ಷಿಫ್‌ಮನ್ ಇದನ್ನು ಅಳೆದು ತೋರಿಸಿದ. ಈ ಎರಡು ಸೂತ್ರ ಹಿಡಿದು ಎಷ್ಟೋ ವಿದ್ಯಾರ್ಥಿಗಳು ಪರೀಕ್ಷೆ ಪಾಸಾಗಿದ್ದಾರೆ. ಆದರೆ 1979ರಲ್ಲಿ ಆರ್ಟ್‌ಮನ್ ಮತ್ತು ತ್ಸಾವೊ ಮೊಗ್ಗಿನ ಹಿಂದಿನ ಅಂಚಿನಿಂದ ಅಳೆದಾಗ ಸರಾಸರಿ 12.5 ಮಿ.ಮೀ. ಹತ್ತಿರ ಬಂತು. ಮೊಗ್ಗಿಗೇ ಉದ್ದವಿದೆ, ಆಕಾರವಿದೆ. ಅಳತೆಪಟ್ಟಿಯ ಸೊನ್ನೆಯನ್ನು ಎಲ್ಲಿಡುತ್ತೀರಿ ಎಂಬುದರ ಮೇಲೆ ಉತ್ತರ ಬದಲಾಗುತ್ತದೆ. ನನಗೆ ಆ ಸರಾಸರಿಗಿಂತ ಅದರ ಪಕ್ಕದ ಅಂಕಿ ಹೆಚ್ಚು ಮಾತಾಡುತ್ತದೆ: ಜನರಿಂದ ಜನಕ್ಕೆ ಆ ಅಳತೆ ಚದುರಿದ್ದು ಆಚೀಚೆ ಸುಮಾರು 4 ಮಿ.ಮೀ. ಒಂದು ಮಿಲಿಮೀಟರಿಗೆ ಮಾತು ಕೆಡುವ ಬಾಯಲ್ಲಿ ನಾಲ್ಕು ಮಿಲಿಮೀಟರ್ ಸಣ್ಣದೇನಲ್ಲ.

ಈ ಚದುರುವಿಕೆಗೆ ಒಂದು ದೊಡ್ಡ ಕಾರಣ ಹಲ್ಲಿನ ಕಮಾನಿನ ಆಕಾರ. ಕೆಲವರ ಕಮಾನು ಚೌಕ: ಕೋರೆಯಿಂದ ಕೋರೆಗೆ ಮುಂದಿನ ಹಲ್ಲುಗಳು ಹೆಚ್ಚುಕಡಿಮೆ ಒಂದೇ ಸಾಲಿನಲ್ಲಿ ಪಾಳಿ ನಿಂತಂತೆ. ಕೆಲವರದು ಮುಂದಕ್ಕೆ ಚೂಪಾದ ಕಮಾನು: ನಡುಹಲ್ಲುಗಳು ಕೋರೆಗಳಿಗಿಂತ ಬಹಳ ಮುಂದೆ. ಬಹುಪಾಲು ಜನರದು ಇವೆರಡರ ನಡುವೆ, ಮೊಟ್ಟೆಯ ದುಂಡು. ಚೌಕ ಕಮಾನಿನಲ್ಲಿ ಮೊಗ್ಗಿನಿಂದ ನಡುಹಲ್ಲಿಗೆ ದೂರ ಕಡಿಮೆ, ಚೂಪು ಕಮಾನಿನಲ್ಲಿ ಹೆಚ್ಚು. ಅಂದಮೇಲೆ ಮೊದಲು ಕಮಾನು ಯಾವುದೆಂದು ನೋಡಿ, ಆಮೇಲೆ 8 ಬೇಕೋ 10 ಬೇಕೋ, ಅದನ್ನೂ ಮೀರಬೇಕೋ ಎಂದು ಯೋಚಿಸಬೇಕು. ಕ್ರಮ ತಿರುಗಾಮುರುಗಾ ಆದರೆ ಎಲ್ಲರ ಬಾಯಿಗೂ ಒಂದೇ ಕಮಾನು.

ಕಮಾನಿಗೂ ಸೂತ್ರ ಹುಡುಕಿದವರಿದ್ದಾರೆ. ಅಮೆರಿಕದ ಬಾನ್‌ವಿಲ್ 19ನೇ ಶತಮಾನದಲ್ಲಿ, ಕೆಳದವಡೆಯ ಎರಡು ಕೀಲುಗಳು ಮತ್ತು ಮುಂದಿನ ಹಲ್ಲುಗಳ ನಡುಬಿಂದು ಸೇರಿ ನಾಲ್ಕು ಇಂಚಿನ ಸಮಭುಜ ತ್ರಿಕೋನವಾಗುತ್ತದೆ ಅಂದ. 1905ರಲ್ಲಿ ಹಾಲೆ ಅದರ ಬೆನ್ನಿಗೆ ಹಲ್ಲು ಜೋಡಿಸುವ ನಕ್ಷೆಯನ್ನೇ ಕೊಟ್ಟ. 1949ರಲ್ಲಿ ಮೆಕ್‌ಕಾನೆಲ್ ಮತ್ತು ಶೇರ್ ಹೇಳಿದ್ದು ನನಗೆ ಇಷ್ಟ: ಎರಡು ತುದಿ ಹಿಡಿದು ಸಣ್ಣ ಸರಪಳಿಯನ್ನು ಇಳಿಬಿಟ್ಟರೆ ಅದು ತಾನಾಗಿ ಪಡೆಯುವ ಬಾಗೇ ಹಲ್ಲಿನ ಕಮಾನಿನ ಆದರ್ಶ ಬಾಗು. ಕೊರಳಿನ ಗುಂಡಿನ ಸರವನ್ನು ಎರಡು ಬೆರಳಲ್ಲಿ ಹಿಡಿದು ಇಳಿಬಿಟ್ಟು, ಬೆರಳುಗಳನ್ನು ಹತ್ತಿರ ತಂದರೆ ಚೂಪು ಕಮಾನು, ದೂರ ಒಯ್ದರೆ ಅಗಲ ಕಮಾನು. ಚೆಂದದ ಮಾತು. ಆದರೆ ಬೆರಳುಗಳ ನಡುವಿನ ದೂರವನ್ನು ಹೇಳಬೇಕಾದದ್ದು ಮತ್ತೆ ಆ ಒಂದು ಬಾಯಿಯೇ.

ಮೊಗ್ಗಿನ ಹಿಂದೆ, ಅಂಗುಳದ ಮುಂಭಾಗದಲ್ಲಿ, ಆಚೀಚೆ ಹರಡಿದ ಸುಕ್ಕುಗೆರೆಗಳಿವೆ. ಬೆರಳಚ್ಚಿನಂತೆ ಇವೂ ಒಬ್ಬರದು ಒಬ್ಬರಿಗಿಲ್ಲ. ಗುರುತು ಸಿಗದ ಶವಗಳ ಪತ್ತೆಗೂ ಬಳಸುತ್ತಾರೆ. ಮೊದಲ ದೊಡ್ಡ ಸುಕ್ಕಿನ ಹೊರತುದಿಯಿಂದ ಕೋರೆಹಲ್ಲಿನ ಹೊರಮೈ ಸುಮಾರು 10.5 ಮಿ.ಮೀ. ಎಂಬ ಲೆಕ್ಕವೂ ಉಂಟು. ಇದಕ್ಕಿಂತ ಸೂಕ್ಷ್ಮವಾದದ್ದನ್ನು ಎಡಿನ್‌ಬರೋದ ವಾಟ್ ಗಮನಿಸಿದ. ಹಲ್ಲು ಕಿತ್ತಮೇಲೆ ಒಳಬದಿಯ ವಸಡಿನ ಅಂಚು ತೆಳುವಾದ ಹುರಿಯಂತೆ ಏರಿಯ ಮೇಲೆ ಉಳಿಯುತ್ತದೆ. ಅಚ್ಚಿನಲ್ಲಿ ಆ ಹುರಿಯನ್ನು ಪೆನ್ಸಿಲ್ಲಿನಿಂದ ಗುರುತು ಮಾಡಿಕೊಂಡು ಅಲ್ಲಿಂದ ಹೊರಕ್ಕೆ ಅಳೆಯಬೇಕು: ಮುಂದಿನ ಹಲ್ಲುಗಳಲ್ಲಿ ಸರಾಸರಿ 6.3 ಮಿ.ಮೀ., ಕೋರೆಯಲ್ಲಿ 8.5, ಅದರ ಹಿಂದೆ 10, ದವಡೆಹಲ್ಲಿನಲ್ಲಿ 12.8. ಸರಾಸರಿಗಳೇ ಆದರೂ ಇವು ಏರಿಯ ಹೊರಗೆ, ತುಟಿ ಕೆನ್ನೆಗಳ ಕಡೆಗೆ ಕೈ ಹಿಡಿದು ಕರೆದೊಯ್ಯುತ್ತವೆ.

ಮುಖದ ಮೇಲಿನ ಗುರುತುಗಳ ಕತೆ ಇಷ್ಟು ಗಟ್ಟಿಯಲ್ಲ. ಮೂಗಿನ ಹೊಳ್ಳೆಗಳಿಂದ ನೇರ ಕೆಳಗೆ ಗೆರೆ ಇಳಿಸಿದರೆ ಕೋರೆಯ ತುದಿ ಸಿಗುತ್ತದೆ ಎನ್ನುತ್ತಾರೆ. ಯಾರ ಮೂಗನ್ನು ನೋಡಿ ಮಾಡಿದ ಸೂತ್ರ ಎಂದು ಕೇಳುವವರು ಕಡಿಮೆ. ಮುಖದ ಅಗಲದ ಹದಿನಾರನೇ ಒಂದು ಭಾಗ ನಡುಹಲ್ಲಿನ ಅಗಲ ಎಂಬುದು ಇನ್ನೊಂದು. 1914ರ ಸುಮಾರಿಗೆ ಲಿಯಾನ್ ವಿಲಿಯಮ್ಸ್ ಹೇಳಿದ್ದು, ಮುಖವನ್ನು ತಲೆಕೆಳಗು ಮಾಡಿದರೆ ನಡುಹಲ್ಲಿನ ಆಕಾರ. ಚೌಕ ಮುಖಕ್ಕೆ ಚೌಕ ಹಲ್ಲು, ದುಂಡು ಮುಖಕ್ಕೆ ದುಂಡು ಹಲ್ಲು. ಆಮೇಲೆ ನಿಜವಾದ ಹಲ್ಲುಗಳನ್ನೂ ಮುಖಗಳನ್ನೂ ಹೋಲಿಸಿ ನೋಡಿದವರಿಗೆ ಈ ಹೊಂದಾಣಿಕೆ ಅಷ್ಟಾಗಿ ಕಾಣಲಿಲ್ಲ. ಆದರೂ ಸಿದ್ಧ ಹಲ್ಲು ಮಾರುವ ಕಂಪನಿಗಳಿಗೆ ಪೆಟ್ಟಿಗೆಗಳ ಮೇಲೆ ಅಂಟಿಸಲು ಇಷ್ಟು ಸುಲಭದ ಚೀಟಿ ಬೇರೆ ಇರಲಿಲ್ಲ. ಅದಕ್ಕೇ ಸಿದ್ಧಾಂತ ಇನ್ನೂ ಬದುಕಿದೆ. 1950ರ ದಶಕದಲ್ಲಿ ಫ್ರಶ್ ಮತ್ತು ಫಿಶರ್ ಸ್ವಿಟ್ಜರ್‌ಲೆಂಡಿನ ಶಿಲ್ಪಿಯೊಬ್ಬನ ಕೆಲಸದಿಂದ ಪ್ರೇರಣೆ ಪಡೆದು, ಹೆಂಗಸಿಗೆ ಅಂಚು ದುಂಡಗಾದ ಹಲ್ಲು, ಗಂಡಸಿಗೆ ಅಂಚು ಚೌಕವಾದದ್ದು, ವಯಸ್ಸಿಗೆ ತಕ್ಕ ಸವೆತ ಎಂದು ಹೊಸ ಪಾಠ ಶುರುಮಾಡಿದರು. ವಯಸ್ಸಿನ ಸವೆತ ತೋರಿಸಬೇಕೆಂಬುದು ಜಾಣತನ. ಹೆಣ್ಣುಹಲ್ಲು ಗಂಡುಹಲ್ಲು ಎಂಬ ವಿಂಗಡಣೆ ಮಾತ್ರ ನನಗೆ ಆ ಕಾಲದ ಜಾಹೀರಾತಿನ ಹೆಣ್ಣನ್ನೇ ನೆನಪಿಸುತ್ತದೆ. ಇನ್ನು ಹಲ್ಲುಗಳ ಅಗಲಕ್ಕೂ ಹಚ್ಚುವ ಸುವರ್ಣ ಅನುಪಾತ: ನಿಜ ಹಲ್ಲುಗಳ ಅಚ್ಚು ಅಳೆದ ಪ್ರೆಸ್ಟನ್, 1993ರಲ್ಲಿ, ನಡುಹಲ್ಲಿಗೂ ಪಕ್ಕದ ಹಲ್ಲಿಗೂ ಆ ಅನುಪಾತ ಸಿಕ್ಕದ್ದು ಶೇ. 17 ಜನರಲ್ಲಿ ಮಾತ್ರ ಎಂದು ಬರೆದ. ಮುಂದೆ ಹೋಗೋಣ.

ಹಲ್ಲು ಎಷ್ಟು ಕೆಳಗಿಳಿಯಬೇಕೆಂಬ ಎತ್ತರದ ವಿಷಯದಲ್ಲಿ ಒಂದು ಅಧ್ಯಯನ ಕಣ್ಣು ತೆರೆಸುವಂಥದ್ದು. ತುಟಿ ಸಡಿಲ ಬಿಟ್ಟಾಗ ಮೇಲಿನ ನಡುಹಲ್ಲು ಎಷ್ಟು ಕಾಣುತ್ತದೆ ಎಂದು ವಿಗ್ ಮತ್ತು ಬ್ರುಂಡೊ 1978ರಲ್ಲಿ ಅಳೆದರು. ಮೂವತ್ತರೊಳಗಿನವರಲ್ಲಿ 3.4 ಮಿ.ಮೀ. ಹತ್ತಿರ, ನಲವತ್ತರ ಪ್ರಾಯದಲ್ಲಿ 1 ಮಿ.ಮೀ.ಗೂ ಕಡಿಮೆ, ಅರವತ್ತು ದಾಟಿದವರಲ್ಲಿ ಹೆಚ್ಚುಕಡಿಮೆ ಸೊನ್ನೆ. ತುಟಿ ಜೋಲುತ್ತದೆ, ಹಲ್ಲು ಸವೆಯುತ್ತದೆ. ಎಪ್ಪತ್ತರ ಅಜ್ಜನಿಗೆ ಎರಡು ಮಿಲಿಮೀಟರ್ ಹಲ್ಲು ಕಾಣುವಂತೆ ಕೂರಿಸಿದರೆ ಸಿನಿಮಾ ಪೋಸ್ಟರಿನಿಂದ ಕತ್ತರಿಸಿ ಅಂಟಿಸಿದಂತೆ ಕಾಣುವುದು ಇದಕ್ಕೇ. ಹಾಗೆಂದು ಅಜ್ಜನೇ ಬೇಕೆಂದರೆ? ಕೇಳಿದಷ್ಟು ಕೊಡಬೇಕೆಂದೇ ನನ್ನ ಮತ.

ಈ ಗುರುತುಗಳೆಲ್ಲ ಹಲ್ಲು ಎಲ್ಲಿರಬಹುದು ಎಂದು ಊಹೆ ಹೇಳುತ್ತವೆ. ಊಹೆ ಸರಿಯೋ ತಪ್ಪೋ ಎಂದು ಹೇಳುವುದು ಮಾತು. ಮಾತಿನ ವಿಷಯದಲ್ಲಿ, ಅಕ್ಕಲಕೋಟೆ ಇರುವ ಸೊಲ್ಲಾಪುರ ಜಿಲ್ಲೆ ಬೇರೆ ಕಡೆಯಂತಲ್ಲ.

ದಂತವೈದ್ಯ ಪಠ್ಯಗಳು ಬೆಳೆದದ್ದು ಇಂಗ್ಲಿಷ್ ಬಾಯಿಗಳ ಮೇಲೆ. ಐವತ್ತರಿಂದ ಐವತ್ತೈದರ ತನಕ ಎಣಿಸಿ, ಅರವತ್ತಾರು ಅನ್ನಿ, ಮಿಸ್ಸಿಸಿಪ್ಪಿ ಅನ್ನಿ ಎಂಬುದು ಅಲ್ಲಿನ ಪರೀಕ್ಷೆ. ಫಿಫ್ಟಿಯಲ್ಲಿ ಫಕಾರ, ಸಿಕ್ಸ್‌ಟಿಯಲ್ಲಿ ಸಕಾರ ಸಿಗುತ್ತದೆಂದು ಆ ಲೆಕ್ಕ. ಅದೇ ಅಂಕಿಗಳನ್ನು ಕನ್ನಡದಲ್ಲಿ ಎಣಿಸಿ ನೋಡಿ: ಅರವತ್ತಾರರಲ್ಲಿ ಸಕಾರದ ಸುಳಿವೂ ಇಲ್ಲ. ನಮ್ಮಲ್ಲಿ ಹಲ್ಲಿಗೆ ನಿಜವಾದ ಪರೀಕ್ಷೆ ತವರ್ಗ. ಇಂಗ್ಲಿಷಿನವರು ಟೀ, ಡೀ ಅನ್ನುವಾಗ ನಾಲಿಗೆ ತಾಗುವುದು ಹಲ್ಲಿನ ಹಿಂದಿನ ವಸಡಿಗೆ; ನಾವು ತ, ದ ಅನ್ನುವಾಗ ಅದು ತಾಗುವುದು ಹಲ್ಲಿನ ಬೆನ್ನಿಗೇ. 13ನೇ ಶತಮಾನದ ಕೇಶಿರಾಜನಿಗೂ ಅವನ ಹಿಂದಿನ ಸಂಸ್ಕೃತ ವೈಯಾಕರಣರಿಗೂ ಇದು ಗೊತ್ತಿದ್ದದ್ದರಿಂದಲೇ ಅವಕ್ಕೆ ದಂತ್ಯ ಎಂದು ಹೆಸರು. ಕವಳಿಯ ಮುಂದಿನ ಹಲ್ಲು ಹಿಂದಕ್ಕೆ ಕೂತರೆ ನಾಲಿಗೆಗೆ ಜಾಗ ಸಾಲದೆ ತುದಿ ಹಲ್ಲಿನಡಿ ಇಣುಕುತ್ತದೆ. ತೀರ ಮುಂದೆ ಹೋದರೆ ನಾಲಿಗೆ ಹಲ್ಲು ಮುಟ್ಟುವ ಮೊದಲೇ ಅಕ್ರಿಲಿಕ್ಕಿನ ಅಂಗುಳ ತಾಗಿ, ತಕಾರ ಟಕಾರದ ಕಡೆಗೆ ಜಾರುತ್ತದೆ.

ಸೊಲ್ಲಾಪುರದ ಬಾಯಿಗೆ ಕನ್ನಡವೊಂದೇ ಸಾಲದು. ಮನೆಯಲ್ಲಿ ಕನ್ನಡ, ಪೇಟೆಯಲ್ಲಿ ಮರಾಠಿ, ಮಗ್ಗದ ಓಣಿಗಳಲ್ಲಿ ಪದ್ಮಶಾಲಿಗಳ ತೆಲುಗು, ಅದರ ಮೇಲೆ ದಖನಿ ಉರ್ದು. ಮರಾಠಿಯ ‘ತ್ಸಾಂಗ್ಲಾ’ದಲ್ಲಿರುವ ತ್ಸಕಾರ, ದ್ಜಕಾರ ನಮ್ಮ ಚಕಾರ ಜಕಾರಗಳಲ್ಲ, ಅವು ಹಲ್ಲಿನ ಹತ್ತಿರ ಹುಟ್ಟಿ ಸಕಾರದಂತೆ ಸಿಡಿಯುತ್ತವೆ. ತೆಲುಗಿನಲ್ಲೂ ಅವಿವೆ. ದಖನಿಗೆ ಫಕಾರ, ಜ಼ಕಾರ ಬೇಕು. ಬೆಳಿಗ್ಗೆಯಿಂದ ಸಂಜೆಯೊಳಗೆ ಈ ಎಲ್ಲ ಉಚ್ಚಾರಗಳನ್ನೂ ಬೇಡುವ ಬಾಯಿಗೆ ಮಿಸ್ಸಿಸಿಪ್ಪಿಯ ಪರೀಕ್ಷೆ ಏನು ಹೇಳೀತು?

ನನ್ನನ್ನು ಕೇಳಿದರೆ ಈ ಜಿಲ್ಲೆಯ ದೇವರುಗಳೇ ಸಾಕು. ‘ಸಿದ್ಧರಾಮೇಶ್ವರ’ ಅನ್ನಿಸಿ. ಸಕಾರದಲ್ಲಿ ಮೇಲಿನ ಕೆಳಗಿನ ಹಲ್ಲುಗಳ ಅಂಚು ಒಂದಕ್ಕೊಂದು ತೀರ ಹತ್ತಿರ ಬರಬೇಕು, ಆದರೆ ತಾಗಕೂಡದು. ಕಟಕ್ಕೆಂದು ತಾಗಿದರೆ ಕವಳಿಯ ಎತ್ತರ ಹೆಚ್ಚಾಗಿದೆ. ಸೀಟಿ ಬಂದರೆ ನಾಲಿಗೆಯ ಮುಂದಿನ ಗಾಳಿಯ ದಾರಿ ಕೆಟ್ಟಿದೆ. ದ್ಧಕಾರ ಹಲ್ಲಿನ ಬೆನ್ನನ್ನು ತಟ್ಟುತ್ತದೆ, ಶ್ವ ಬರುವಾಗ ಕೆಳತುಟಿ ಮೇಲ್ಹಲ್ಲಿನ ಅಂಚಿಗೆ ಏರುತ್ತದೆ. ಒಂದೇ ಹೆಸರಿನಲ್ಲಿ ಮೂರು ಪರೀಕ್ಷೆ. ಆಮೇಲೆ ಪಂಢರಪುರದ ‘ವಿಠ್ಠಲ’. ವಕಾರದಲ್ಲಿ ಮೇಲ್ಹಲ್ಲಿನ ಅಂಚು ಕೆಳತುಟಿಯ ಒದ್ದೆ ಒಣ ಗಡಿಯ ಮೇಲೆ ಮೆಲ್ಲಗೆ ಕೂರಬೇಕು. ಹಲ್ಲು ಗಿಡ್ಡವಾದರೆ ವಿಠ್ಠಲ ‘ಫಿಠ್ಠಲ’ನ ಕಡೆಗೆ ವಾಲುತ್ತಾನೆ. ಠ್ಠ ಅನ್ನಲು ನಾಲಿಗೆ ಮೇಲಕ್ಕೆ ಮಡಚಿ ಅಂಗುಳ ಮುಟ್ಟುತ್ತದೆ. ಅಲ್ಲಿ ಅಕ್ರಿಲಿಕ್ ದಪ್ಪವಾಗಿದ್ದರೆ ತಕ್ಷಣ ಗೊತ್ತಾಗುತ್ತದೆ. ಕೊನೆಗೆ ‘ಸ್ವಾಮಿ ಸಮರ್ಥ’: ಎರಡು ಸಕಾರ, ಒಂದು ಥಕಾರ, ನಡುವೆ ಮಕಾರ. ಮಕಾರದಲ್ಲಿ ತುಟಿಗಳು ಬಿಗಿಯದೆ, ಎಳೆಯದೆ ಮುಚ್ಚಿದರೆ ಮುಖದ ಎತ್ತರ ಸರಿಯಿದೆ. ಮೂರನ್ನೂ ಇಲ್ಲಿನ ಯಾವ ಮುದುಕಿಯೂ ಕಲಿತು ಬರಬೇಕಿಲ್ಲ, ಯಾರೂ ನೋಡುತ್ತಿಲ್ಲವೆಂಬಂತೆ ಸಹಜವಾಗಿ ಅನ್ನುತ್ತಾಳೆ. ಈ ಸಹಜತೆಯೇ ಪರೀಕ್ಷೆಯ ಅರ್ಧ ಬಲ.

ತಿನ್ನುವುದರಲ್ಲಿ ಮಾತ್ರ ಅಂದಕ್ಕೂ ಭದ್ರತೆಗೂ ನಿಜವಾದ ಜಗಳವಿದೆ. ಹಲ್ಲು ಏರಿಗಿಂತ ಮುಂದೆ ನಿಂತಾಗ ಮುಂದಿನ ಹಲ್ಲಿನಿಂದ ಕಚ್ಚಿದರೆ ಏರಿಯೇ ಮೀಟುಗೋಲಿನ ಆಧಾರವಾಗಿ ಕವಳಿಯ ಹಿಂಭಾಗ ಕೆಳಗೆ ಬೀಳುತ್ತದೆ. ಅದನ್ನು ತಡೆಯುವುದು ಅಂಗುಳದ ಹಿಂದಿನ ಅಂಚಿನ ಬಿಗಿ. ವೈದ್ಯರು ‘ಆ’ ಅನ್ನಿಸಿ, ಮೆತ್ತನೆಯ ಅಂಗುಳ ಅದುರುವ ಗೆರೆ ನೋಡಿ, ಅಲ್ಲಿಗೆ ಕವಳಿಯ ಅಂಚನ್ನು ತಂದು ನಿಲ್ಲಿಸುತ್ತಾರೆ. ತುಟಿಯ ಒಳತಳ್ಳು, ನಾಲಿಗೆಯ ಹೊರತಳ್ಳು ಎರಡೂ ಸರಿಸಮ ಆಗುವ ಓಣಿಯಲ್ಲಿ ಹಲ್ಲಿರಲಿ ಎಂದು 1930ರ ದಶಕದಲ್ಲೇ ಫಿಶ್ ಹೇಳಿದ್ದ. ಬಿಗಿ ಚೆನ್ನಾಗಿದ್ದರೂ ಜೋಳದ ಖಡಕ್ ರೊಟ್ಟಿಯನ್ನು ಮುಂದಿನ ಹಲ್ಲಿನಿಂದ ಮುರಿಯಲು ಹೊರಟರೆ ಯಾವ ಕವಳಿಯೂ ನಿಲ್ಲುವುದಿಲ್ಲ. ಪುಣ್ಯಕ್ಕೆ ನಮ್ಮ ಕಡೆ ಹಲ್ಲಿದ್ದವರೂ ಅದನ್ನು ಹಾಗೆ ತಿನ್ನುವುದು ಕಡಿಮೆ: ಕೈಯಲ್ಲೇ ಪುಡಿಮಾಡಿ ಬ್ಯಾಳಿಯಲ್ಲಿ ಕಲಸಿ ತಿನ್ನುತ್ತಾರೆ. ಶೇಂಗಾ ಹಿಂಡಿಯದು ಬೇರೆ ಗೋಳು. ಅದರ ರವೆ ಕವಳಿಯ ಅಡಿಗೆ ಸೇರಿದರೆ ಊಟ ಅಲ್ಲಿಗೆ ಮುಗಿಯಿತು.

ಇಷ್ಟೆಲ್ಲ ಪತ್ತೇದಾರಿಕೆ ಬೇಕಾಗುವುದು ಹಲ್ಲು ಕೀಳುವ ಮೊದಲು ಯಾರೂ ಅಳತೆ ಇಟ್ಟುಕೊಳ್ಳದ್ದರಿಂದ. ಹಲ್ಲಿಗೆ ತಂಬಾಕಿನ ಪುಡಿ ಮಿಶ್ರಿಯನ್ನು ತಿಕ್ಕಿ, ಬಾಯಲ್ಲಿ ತಂಬಾಕು ಇಟ್ಟು, ವಸಡು ಬಿಟ್ಟು ಹಲ್ಲು ಅಲ್ಲಾಡುತ್ತ ಬಂದವರಿಗೆ ಎಲ್ಲವನ್ನೂ ಕಿತ್ತು ಕಳಿಸುವ ಮುನ್ನ ಒಂದು ಅಚ್ಚು ತೆಗೆದಿಟ್ಟರೆ, ನಗುವ ಫೋಟೋ ಒಂದು ಹಿಡಿದರೆ, ಮೊಗ್ಗು, ಸುಕ್ಕು, ಮೂಗಿನ ಲೆಕ್ಕ ಅರ್ಧಕ್ಕರ್ಧ ಬೇಡ. ಮನೆಯಲ್ಲಿ ಹಳೆಯ ಫೋಟೋ ಹುಡುಕಿ ತನ್ನಿ ಅಂದರೆ ಸಿಗುವುದು ಲಗ್ನದ ಫೋಟೋ. ನಮ್ಮ ಹಿರಿಯರು ಅದರಲ್ಲಿ ತುಟಿ ಬಿಗಿದು, ಸಾಲ ವಸೂಲಿಗೆ ಬಂದವರಂತೆ ನಿಂತಿರುತ್ತಾರೆ. ಆಧಾರ್ ಕಾರ್ಡು ಅದಕ್ಕಿಂತ ನಿರುಪಯೋಗಿ.

ಹಾಗಾಗಿ ಎಲ್ಲದರ ತೀರ್ಮಾನ ಮೇಣದ ಹಂತಕ್ಕೆ ಬಂದು ನಿಲ್ಲುತ್ತದೆ. ಹಲ್ಲುಗಳನ್ನು ಅಕ್ರಿಲಿಕ್ಕಿನಲ್ಲಿ ಬೇಯಿಸುವ ಮೊದಲು ಮೇಣದಲ್ಲಿ ಕೂರಿಸಿ ಬಾಯಿಗೆ ಹಾಕಿ ನೋಡುವ ಒಂದು ಭೇಟಿ ಇದೆ. ಅಕ್ಕಲಕೋಟೆಯಿಂದ ಸುಮಾರು 40 ಕಿ.ಮೀ. ಬಸ್ಸಿನಲ್ಲಿ ಸೊಲ್ಲಾಪುರಕ್ಕೋ, ಇನ್ನೊಂದು ದಿಕ್ಕಿಗೆ ಕಲಬುರಗಿಗೋ ವಿಜಯಪುರಕ್ಕೋ ಹೋಗಿಬರುವವರು ಒಂದು ಖೇಪು ಉಳಿಸಲು ಇದನ್ನೇ ಬಿಟ್ಟುಬಿಡಿ ಅನ್ನುತ್ತಾರೆ. ಬಿಡಬಾರದ್ದು ಇದೊಂದೇ. ಆ ದಿನ ಮಗಳನ್ನೋ ನೆರೆಮನೆಯ ಗೆಳತಿಯನ್ನೋ ಕರೆದೊಯ್ಯಬೇಕು, ಕನ್ನಡಿ ಕೇಳಬೇಕು, ಕುರ್ಚಿಯಿಂದ ಎದ್ದು ನಿಂತು ಮಾತಾಡಬೇಕು. ಅಜ್ಜಿ ಸಿದ್ಧರಾಮ ಅನ್ನಲಿ, ವಿಠ್ಠಲ ಅನ್ನಲಿ, ಬಸ್ಸಿನಲ್ಲಿ ಸೀಟು ಸಿಗಲಿಲ್ಲವೆಂದು ಮರಾಠಿಯಲ್ಲಿ ಬೈಯಲಿ. ಮೇಣ ಇನ್ನೂ ಮೆತ್ತಗಿದೆ. ಸಕಾರ ಸೀಟಿ ಹೊಡೆದರೆ ಬಿಸಿ ಚಾಕುವಿನ ತುದಿಯಿಂದ ನಡುಹಲ್ಲನ್ನು ಅರ್ಧ ಮಿಲಿಮೀಟರ್ ಸರಿಸಿ, ಇನ್ನೊಮ್ಮೆ ಅನ್ನಿ ಎಂದು ಕೇಳಬಹುದು.